ಹೆಸರಿಲ್ಲದ ಮೂವತ್ತೆಂಟು ಹಾಡುಗಳು

2005ರ ಮಳೆಗಾಲ. ಬೆಂಗಳೂರಿನ ಹಾಸ್ಟೆಲ್ಲೊಂದರಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ ಹುಡುಗನೊಬ್ಬ ನನ್ನ ಕೈಗೊಂದು ಸಿಡಿ ಕೊಟ್ಟ. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ‘ಸ್ವೀಡನ್’ ಎಂದಷ್ಟೇ ಬರೆದಿತ್ತು. ಒಳಗಿದ್ದದ್ದು ಒಂದೇ ಫೋಲ್ಡರ್, ಅದರಲ್ಲಿ 38 ಎಂಪಿ3 ಕಡತಗಳು. ಹಾಡಿನ ಹೆಸರೂ ಇಲ್ಲ, ಬ್ಯಾಂಡಿನ ಹೆಸರೂ ಇಲ್ಲ. 01ರಿಂದ 38ರವರೆಗೆ ಬರೀ ಅಂಕಿ. ಕೊಟ್ಟವನು ಆ ತಿಂಗಳ ಕೊನೆಗೆ ಕೆಲಸ ಸಿಕ್ಕಿ ಪುಣೆಗೆ ಹೊರಟುಹೋದ. ಕೇಳಲು ಬೇರೆ ಯಾರೂ ಇರಲಿಲ್ಲ.

ನಾಲ್ಕು ತಿಂಗಳು ಆ ಸಿಡಿಯನ್ನು ಒಂದೇ ಬ್ಯಾಂಡಿನ ಸಂಗೀತವೆಂದು ನಂಬಿ ಕೇಳಿದೆ. ಹಾಗೆ ನಂಬಲು ಕಾರಣವಿತ್ತು. ಎಲ್ಲ ಹಾಡುಗಳಲ್ಲೂ ಗಿಟಾರ್ ಒಂದೇ ರೀತಿ ಕೊರೆಯುತ್ತಿತ್ತು. ದಪ್ಪ, ಒರಟು, ಅಂಚು ಹರಿದ ಸದ್ದು. ಅದರ ಕೆಳಗೆ ಓಡುವ ಡ್ರಮ್ಮು, ಮೇಲೆ ಗಂಟಲಿನ ತಳದಿಂದ ಬರುವ ಗರ್ಜನೆ. ನಾನು ಸಾಗರದ ಕಡೆಯವನು. ನಮ್ಮ ಮನೆಯಿಂದ ಎರಡು ಫರ್ಲಾಂಗ್ ದೂರದಲ್ಲಿ ಒಂದು ಸಾಮಿಲ್ ಇತ್ತು. ಬೇಸಿಗೆ ರಜೆಯ ಮಧ್ಯಾಹ್ನಗಳೆಲ್ಲ ನನಗೆ ಆ ಗರಗಸದ ಸದ್ದಿನೊಂದಿಗೇ ನೆನಪಾಗುತ್ತವೆ. ಈ ಗಿಟಾರ್ ಕೇಳಿದ ಮೊದಲ ರಾತ್ರಿ ಹೆಡ್‌ಫೋನಿನೊಳಗೆ ಆ ಸಾಮಿಲ್ ಮತ್ತೆ ಶುರುವಾಯಿತು. ಈ ಸಂಗೀತಕ್ಕೆ ಡೆತ್ ಮೆಟಲ್ ಎಂದು ಹೆಸರು, ಹೆವಿ ಮೆಟಲ್‌ನ ಒರಟು ಕವಲುಗಳಲ್ಲೊಂದು. ಜಗತ್ತಿನ ಮೆಟಲ್ ಕೇಳುಗರೆಲ್ಲ ಈ ಸದ್ದನ್ನು ಮರ ಕೊಯ್ಯುವ ಯಂತ್ರಕ್ಕೇ ಹೋಲಿಸುತ್ತಾರೆಂದು ತಿಳಿದದ್ದು ಆಮೇಲೆ.

ನಂತರ ಒಂದು ದಿನ ಸೈಬರ್ ಕೆಫೆಯಲ್ಲಿ ಕುಳಿತು, ಕಿವಿಗೆ ಬಿದ್ದ ಒಂದೆರಡು ಪದಗಳನ್ನು ಹಿಡಿದು ಹುಡುಕುತ್ತಾ ಹೋದಾಗ ಗುಟ್ಟು ಬಯಲಾಯಿತು. ಅದು ಒಂದು ಬ್ಯಾಂಡ್ ಅಲ್ಲ, ಕನಿಷ್ಠ ಐದು: ಎಂಟೂಮ್ಡ್, ಡಿಸ್ಮೆಂಬರ್, ಕಾರ್ನೇಜ್, ಗ್ರೇವ್, ಅನ್‌ಲೀಶ್ಡ್. ನನಗೆ ಮೋಸಹೋದಂತೆನಿಸಿತು. ನಾನು ಪ್ರೀತಿಸಿದ್ದು ಒಬ್ಬರ ವಿಶಿಷ್ಟ ಸೃಷ್ಟಿಯನ್ನು ಎಂದುಕೊಂಡಿದ್ದೆ; ಇಲ್ಲಿ ನೋಡಿದರೆ ಊರಿಗೆ ಊರೇ ಅದನ್ನು ನುಡಿಸುತ್ತಿತ್ತು. ಐದು ಜನ ಒಂದೇ ಮಾತನ್ನು ಒಂದೇ ದನಿಯಲ್ಲಿ ಆಡಿದರೆ ಅದರಲ್ಲಿ ಯಾರ ಮಾತು ನಿಜ ಎಂಬುದು ಅಂದಿನ ನನ್ನ ಪ್ರಶ್ನೆ. ಇಪ್ಪತ್ತು ವರ್ಷಗಳಾದವು. ಪ್ರಶ್ನೆ ನನ್ನನ್ನು ಬಿಟ್ಟಿಲ್ಲ, ಅದರ ಆಕಾರ ಮಾತ್ರ ಬದಲಾಗಿದೆ.

ಈ ಸದ್ದಿನ ಊರು ಸ್ಟಾಕ್‌ಹೋಮ್. 1987ರಲ್ಲಿ ಅಲ್ಲಿ ನಿಹಿಲಿಸ್ಟ್ ಎಂಬ ಬ್ಯಾಂಡ್ ಹುಟ್ಟಿತು. ಅದರ ಡ್ರಮ್ಮರ್ ನಿಕ್ಕೆ ಆಂಡರ್‌ಸನ್‌ಗೆ ಆಗ ಹದಿನೈದರ ಪ್ರಾಯ. ಉಳಿದವರೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ಹೈಸ್ಕೂಲ್ ವಯಸ್ಸಿನ ಹುಡುಗರಿಗೆ ಡ್ರಮ್ ಸೆಟ್ಟು, ಆಂಪ್ಲಿಫೈಯರು, ಅಭ್ಯಾಸಕ್ಕೊಂದು ಕೋಣೆ ಎಲ್ಲಿಂದ ಬಂತು ಎಂದು ನಮ್ಮ ಕಡೆಯ ಯಾರಾದರೂ ಕೇಳಿಯೇ ಕೇಳುತ್ತಾರೆ, ನಾನೂ ಕೇಳಿದ್ದೆ. ಸ್ವೀಡನ್ನಿನಲ್ಲಿ ಪುರಸಭೆಗಳೇ ಸಂಗೀತ ಶಾಲೆಗಳನ್ನು ನಡೆಸುತ್ತವೆ. ಅದರ ಜೊತೆಗೆ ಸರ್ಕಾರದ ಅನುದಾನ ಪಡೆಯುವ ಜನಶಿಕ್ಷಣ ಸಂಘಗಳಿವೆ. ನಾಲ್ಕು ಜನ ಸೇರಿ ಕಲಿಕೆಯ ಗುಂಪೆಂದು ಹೆಸರು ಬರೆಸಿದರೆ ಅಭ್ಯಾಸದ ಕೋಣೆ ಅಗ್ಗಕ್ಕೆ ಸಿಗುತ್ತದೆ. ಸಾವು, ಕೊಳೆತ, ಗೋರಿ ಎಂದು ಹಾಡುವ ಹುಡುಗರಿಗೂ ಆ ಬಾಗಿಲು ಮುಚ್ಚಿರಲಿಲ್ಲ. ಇದು ನನಗೆ ಈಗಲೂ ದೊಡ್ಡ ಸಂಗತಿ ಅನಿಸುತ್ತದೆ. ಒಂದೇ ನಗರ, ಒಂದೇ ವಯಸ್ಸು, ಕೈಗೆಟುಕುವ ಕೋಣೆಗಳು, ಉದ್ದನೆಯ ಚಳಿಗಾಲ. ಒಬ್ಬನ ಸದ್ದು ಇನ್ನೊಬ್ಬನ ಕೋಣೆಗೆ ಹರಿದುಬರುವುದಕ್ಕೆ ಇಷ್ಟು ಸಾಕು.

ಅವರ ಕಿವಿಗೆ ಬೀಳುತ್ತಿದ್ದದ್ದೂ ಒಂದೇ ಸಂಗೀತ. ಆ ಕಾಲದಲ್ಲಿ ಈ ಲೋಕ ಅಂಚೆಯ ಮೇಲೆ ನಡೆಯುತ್ತಿತ್ತು. ಕ್ಯಾಸೆಟ್ಟಿಗೆ ಕ್ಯಾಸೆಟ್ಟು ವಿನಿಮಯ. ಅಮೆರಿಕದ ಹುಡುಗನೊಬ್ಬ ತನ್ನ ಬ್ಯಾಂಡಿನ ಡೆಮೊ, ಅಂದರೆ ಆಲ್ಬಮ್ಮಿಗೆ ಮುಂಚಿನ ಕಚ್ಚಾ ಧ್ವನಿಮುದ್ರಣ, ಕಳಿಸಿದರೆ ಅದನ್ನು ಪ್ರತಿ ಮಾಡಿ ಹತ್ತು ಜನ ಹಂಚಿಕೊಳ್ಳುತ್ತಿದ್ದರು. ಅಂಚೆ ಚೀಟಿಯ ಮೇಲೆ ಅಂಟು ಸವರಿ ಕಳಿಸಿದರೆ ಮುದ್ರೆ ಅಂಟಿನ ಮೇಲೆ ಬೀಳುತ್ತದೆ, ತೊಳೆದು ಮತ್ತೆ ಬಳಸಬಹುದು. ಎಷ್ಟೋ ಪತ್ರಗಳು ಹಾಗೇ ಓಡಾಡಿದವು. ಹೀಗೆ ಬಂದ ಆಟಾಪ್ಸಿ, ರಿಪಲ್ಶನ್ ಎಂಬ ಅಮೆರಿಕನ್ ಬ್ಯಾಂಡ್‌ಗಳ ಕೊಳಕು ಭಾರ ಒಂದು ಕಡೆ. ಇನ್ನೊಂದು ಕಡೆ ಬ್ರಿಟನ್ನಿನ ಡಿಸ್ಚಾರ್ಜ್ ಬ್ಯಾಂಡ್ ಹಾಕಿಕೊಟ್ಟ, ಸ್ವೀಡನ್ನಿನ ಆಂಟಿ ಸೈಮೆಕ್ಸ್‌ನಂಥವರು ತಮ್ಮದಾಗಿಸಿಕೊಂಡ ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಒರಟು ರಾಕ್‌ನ ನಡಿಗೆ. ಆ ಡ್ರಮ್ಮಿನ ಓಟ ಕುದುರೆಯ ಓಟದ ಹಾಗೆ, ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಅಮೆರಿಕದ ಡೆತ್ ಮೆಟಲ್ ಆ ಹೊತ್ತಿಗೆ ಗಣಿತದ ಕಡೆ ಹೊರಳುತ್ತಿತ್ತು. ಸ್ಟಾಕ್‌ಹೋಮಿನದು ಕೊನೆಯವರೆಗೂ ಆ ಓಟವನ್ನು ಬಿಡಲಿಲ್ಲ.

ಈಗ ಗಿಟಾರಿನ ಸದ್ದಿಗೆ ಬರುತ್ತೇನೆ. ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸುವುದು ಎಲ್ಲರಿಗೂ ಗೊತ್ತಿದ್ದ ಉಪಾಯ. ಇವರಿಗೆ ಸಿಕ್ಕಿದ್ದು ಜಪಾನಿನ ಬಾಸ್ ಕಂಪನಿಯ ಎಚ್‌ಎಂ-2 ಎಂಬ ಪೆಡಲ್, ಅಂದರೆ ಕಾಲಿನಿಂದ ಒತ್ತಿ ಗಿಟಾರಿನ ಸದ್ದು ಬದಲಿಸುವ ಉಪಕರಣ. 1983ರಲ್ಲಿ ಬಂದ, ಅಂಗೈಯಗಲದ ಕಪ್ಪು ಪೆಟ್ಟಿಗೆ. ಅದರ ಮೇಲೆ ನಾಲ್ಕು ನಾಬ್‌ಗಳು: ಒಂದು ಸದ್ದಿನ ಮಟ್ಟಕ್ಕೆ, ಒಂದು ವಿಕೃತಿಗೆ (ಡಿಸ್ಟಾರ್ಷನ್), ಇನ್ನೆರಡು ಕೆಳ ಮತ್ತು ಮೇಲಿನ ಬಣ್ಣಕ್ಕೆ. ದೊಡ್ಡ ಆಂಪ್ಲಿಫೈಯರ್ ಕೊಡುವ ಹೆವಿ ಮೆಟಲ್ ಸದ್ದನ್ನು ಚಿಕ್ಕ ಪೆಟ್ಟಿಗೆಯಲ್ಲಿ ಕೊಡುವುದು ತಯಾರಕರ ಉದ್ದೇಶ. ನಾಬ್‌ಗಳನ್ನು ಅಷ್ಟಿಷ್ಟು ತಿರುಗಿಸಿ ಹದ ಮಾಡಿಕೊಳ್ಳಬೇಕೆಂಬುದು ಅವರ ನಿರೀಕ್ಷೆ. ನಿಹಿಲಿಸ್ಟ್‌ನಲ್ಲಿದ್ದ ಲೀಫ್ ಕುಜ್ನರ್ ಎಂಬ ಹುಡುಗ ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿಬಿಟ್ಟ. ಈ ಸದ್ದಿನ ಮೂಲ ಅವನೇ ಎಂದು ಅವನ ಜೊತೆಗಾರರು ಮತ್ತೆ ಮತ್ತೆ ಹೇಳಿದ್ದಾರೆ.

ಹಾಗೆ ತಿರುಗಿಸಿದಾಗ ಆಗುವುದೇನು? ಮೇಲಿನ ಬಣ್ಣದ ನಾಬ್ ಸುಮಾರು 1,000 ಹರ್ಟ್ಸ್ ಸುತ್ತಮುತ್ತಲಿನ ಪಟ್ಟಿಯನ್ನು ವಿಪರೀತ ಎತ್ತುತ್ತದೆ. ಮನುಷ್ಯನ ಮಾತು ಸ್ಪಷ್ಟವಾಗುವ ಜಾಗ ಅದು, ಕಿವಿ ಬೇಗ ಗುರುತಿಸುವ ಜಾಗ. ಕೆಳಗಿನದು 100 ಹರ್ಟ್ಸ್ ಹತ್ತಿರದ ಗುಡುಗನ್ನು ಎತ್ತುತ್ತದೆ. ನಡುವಿನದು ಹಳ್ಳ ಬೀಳುತ್ತದೆ. ವಿಕೃತಿ ಪೂರ್ತಿ ಇರುವುದರಿಂದ ಒಂದು ಸ್ವರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಗಡಿ ಅಳಿಸಿಹೋಗುತ್ತದೆ. ಸಂಗೀತ ಬಲ್ಲ ಯಾವ ಹಿರಿಯನೂ ಒಪ್ಪುವ ಹದವಲ್ಲ. ಆ ಹುಡುಗರು ಅದನ್ನೇ ಇಟ್ಟುಕೊಂಡರು.

ಸನ್‌ಲೈಟ್ ಎಂಬ ಸ್ಟುಡಿಯೊದ ಥಾಮಸ್ ಸ್ಕೂಗ್ಸ್‌ಬರ್ಗ್ ಆ ಸದ್ದನ್ನು ತಿದ್ದಲು ಹೋಗಲಿಲ್ಲ. ಅವರ ದೊಡ್ಡತನ ಅಲ್ಲಿದೆ. 1989ರಲ್ಲಿ ನಿಹಿಲಿಸ್ಟ್ ಒಡೆಯಿತು. ಬಾಸ್ ಗಿಟಾರ್ ನುಡಿಸುತ್ತಿದ್ದ ಯೊನಿ ಹೆಡ್ಲುಂಡ್ ಹೊರಬಂದು ಅನ್‌ಲೀಶ್ಡ್ ಕಟ್ಟಿದ. ಉಳಿದವರು ಎಂಟೂಮ್ಡ್ ಎಂದು ಹೆಸರಿಟ್ಟುಕೊಂಡು ‘ಲೆಫ್ಟ್ ಹ್ಯಾಂಡ್ ಪಾತ್’ ಆಲ್ಬಮ್ಮನ್ನು ಸನ್‌ಲೈಟ್‌ನಲ್ಲಿ ಧ್ವನಿಮುದ್ರಿಸಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಇಯರೇಕ್ ಸಂಸ್ಥೆ ಅದನ್ನು 1990ರಲ್ಲಿ ಹೊರತಂದಿತು. ಆ ಬಳಿಕ ಆ ಸ್ಟುಡಿಯೊದ ಮುಂದೆ ಬ್ಯಾಂಡ್‌ಗಳ ಸಾಲು. ಒಂದೇ ಕೋಣೆ, ಒಂದೇ ಪೆಡಲ್, ಒಬ್ಬರೇ ಧ್ವನಿಮುದ್ರಕರು.

ನನ್ನ ತಪ್ಪು ಎಷ್ಟು ಸಹಜವಾಗಿತ್ತು ಎಂದು ತಿಳಿಯಲು ಈ ಬ್ಯಾಂಡ್‌ಗಳ ನಂಟುಗಳನ್ನು ಬಿಡಿಸಿ ನೋಡಬೇಕು. ಕಾರ್ನೇಜ್ 1990ರಲ್ಲಿ ‘ಡಾರ್ಕ್ ರೆಕಲೆಕ್ಷನ್ಸ್’ ಎಂಬ ಒಂದೇ ಆಲ್ಬಮ್ ಮಾಡಿ ಚದುರಿತು. ಅದರ ಗಾಯಕ ಮತ್ತಿ ಕಾರ್ಕಿ, ಡ್ರಮ್ಮರ್ ಫ್ರೆಡ್ ಎಸ್ಟ್‌ಬಿ, ಗಿಟಾರಿನ ಡೇವಿಡ್ ಬ್ಲೂಮ್‌ಕ್ವಿಸ್ಟ್ ಡಿಸ್ಮೆಂಬರ್ ಆದರು. ಇನ್ನೊಬ್ಬ ಗಿಟಾರಿಗ ಮೈಕಲ್ ಅಮಾಟ್ ಇಂಗ್ಲೆಂಡಿನ ಕಾರ್ಕಸ್ ಸೇರಿದ. ಬಾಸ್ ಗಿಟಾರಿನ ಜಾನಿ ಡೋರ್ಡೆವಿಚ್ ಎಂಟೂಮ್ಡ್‌ಗೆ ಹೋದ. 1991ರ ಎಂಟೂಮ್ಡ್ ಆಲ್ಬಮ್ ‘ಕ್ಲಾಂಡೆಸ್ಟೈನ್’ ಮೇಲೆ ಗಾಯಕನೆಂದು ಅವನ ಹೆಸರೇ ಇದೆ. ನಿಜವಾಗಿ ಹಾಡಿದ್ದು ಡ್ರಮ್ಮರ್ ನಿಕ್ಕೆ ಆಂಡರ್‌ಸನ್. ಅದೇ ವರ್ಷ ಡಿಸ್ಮೆಂಬರ್‌ನ ಮೊದಲ ಆಲ್ಬಮ್ ‘ಲೈಕ್ ಆನ್ ಎವರ್ ಫ್ಲೋಯಿಂಗ್ ಸ್ಟ್ರೀಮ್’ ಬಂತು. ಅದರ ಬಹುಪಾಲು ಗಿಟಾರ್ ಸೋಲೊಗಳನ್ನು ನುಡಿಸಿದ್ದು ಎದುರು ಬ್ಯಾಂಡಿನ ಡ್ರಮ್ಮರ್ ಆದ ಅದೇ ನಿಕ್ಕೆ. ಮೂರೂ ಆಲ್ಬಮ್‌ಗಳ ಮುಖಪುಟ ಬರೆದವರು ಒಬ್ಬರೇ, ಇಂಗ್ಲೆಂಡಿನ ಡ್ಯಾನ್ ಸೀಗ್ರೇವ್. ಗ್ರೇವ್‌ನ ಗಾಯಕ ಯೋರ್ಗನ್ ಸಾಂಡ್‌ಸ್ಟ್ರೋಮ್ ಕೆಲವು ವರ್ಷಗಳ ಬಳಿಕ ಎಂಟೂಮ್ಡ್‌ನಲ್ಲಿ ಬಾಸ್ ಗಿಟಾರ್ ಹಿಡಿದ.

ಇವರನ್ನು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಿ ‘ನಿನ್ನದೇ ಆದದ್ದು ಏನು’ ಎಂದು ಕೇಳುವುದು, ಕೂಡುಕುಟುಂಬದ ಅಡುಗೆಮನೆಗೆ ಹೋಗಿ ಈ ಸಾರಿನ ಉಪ್ಪು ಯಾರದು ಎಂದು ಕೇಳಿದ ಹಾಗೆ. ಹೊಸತು ಹುಟ್ಟಿದ್ದು ನಿಜ, ಹುಟ್ಟಿದ್ದು ಒಂದು ಓಣಿಯಲ್ಲಿ. ಅದಕ್ಕೆ ಒಬ್ಬನ ಹೆಸರು ಬರೆಯಬೇಕೆಂಬ ಹಟ ನನ್ನದಾಗಿತ್ತು. ಅಂಕಿಗಳಷ್ಟೇ ಇದ್ದ ಆ ಸಿಡಿಗೆ ಆ ಹಟ ಇರಲಿಲ್ಲ.

ಆದರೆ ಸಾಮ್ಯವನ್ನು ಹೀಗೆ ಒಪ್ಪಿಕೊಂಡು ಕೂತರೆ ಕಿವಿ ಸೋಮಾರಿಯಾಗುತ್ತದೆ. ಆ ನಾಲ್ಕು ತಿಂಗಳಲ್ಲೇ, ಹೆಸರು ತಿಳಿಯುವ ಮೊದಲೇ, ನನ್ನ ಕಿವಿ ಏನನ್ನೋ ವಿಂಗಡಿಸತೊಡಗಿತ್ತು. 09 ಮತ್ತು 22 ಒಂದೇ ಮನೆಯವು, 15 ಬೇರೆ ಎಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ಗುಂಪು ಮಾಡಿದ್ದೆ. ನಮ್ಮೂರ ಸಾಮಿಲ್ಲಿನಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಹೊರಗೆ ಬೆಂಚಿನ ಮೇಲೆ ಬೀಡಿ ಸೇದುತ್ತಾ ಕುಳಿತು, ಒಳಗೆ ಯಾವ ಮರ ಕೊಯ್ಯುತ್ತಿದ್ದಾರೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದರು. ಮತ್ತಿಗೆ ಗರಗಸ ಕೀರಲು ದನಿ ತೆಗೆಯುತ್ತದೆ, ಹಲಸಿಗೆ ಮೆತ್ತಗಾಗುತ್ತದೆ, ಗಂಟು ಸಿಕ್ಕರೆ ಒಂದು ಕ್ಷಣ ಉಸಿರು ಕಟ್ಟುತ್ತದೆ. ನನಗೆ ಎಲ್ಲವೂ ಒಂದೇ ಗದ್ದಲ. ಅವರ ಪಕ್ಕ ಒಂದು ಬೇಸಿಗೆ ಪೂರ್ತಿ ಕುಳಿತರೂ ನಂದಿಗೂ ಹೊನ್ನೆಗೂ ಇರುವ ವ್ಯತ್ಯಾಸ ನನಗೆ ಹಿಡಿಯಲಿಲ್ಲ. ಈ ಸಂಗೀತದಲ್ಲಿ ಮಾತ್ರ ಹಿಡಿಯಿತು.

ಗ್ರೇವ್ ಬೇರೆ ಎಂದು ಮೊದಲು ತಿಳಿಯಿತು. ಅವರು ಬಾಲ್ಟಿಕ್ ಸಮುದ್ರದ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದವರು. 1991ರ ‘ಇನ್ಟು ದ ಗ್ರೇವ್’ ಕೂಡ ಸನ್‌ಲೈಟ್‌ನದೇ, ಸದ್ದೂ ಅದೇ. ಆದರೆ ಅವರು ನಿಧಾನಕ್ಕೆ ಇಳಿಯುವ ರೀತಿ ಬೇರೆ. ಓಡುತ್ತಿರುವ ಹಾಡು ಥಟ್ಟನೆ ಅರ್ಧ ವೇಗಕ್ಕೆ ಬಿದ್ದಾಗ ನೆಲವೇ ಜಾರಿದ ಅನುಭವ. ಅವರಲ್ಲಿ ಅಲಂಕಾರವಿಲ್ಲ, ರಾಗದ ಆಸೆಯಿಲ್ಲ. ಅನ್‌ಲೀಶ್ಡ್‌ನ ಸದ್ದೇ ಬೇರೆ; 1991ರ ತಮ್ಮ ಮೊದಲ ಆಲ್ಬಮ್ಮಿಗೆ ಅವರು ಸನ್‌ಲೈಟ್ ಬಿಟ್ಟು ಜರ್ಮನಿಗೆ ಹೋಗಿದ್ದರು. ಅವರ ಹಾಡುಗಳ ಕಟ್ಟು ನೇರ, ಗುಂಪು ಸೇರಿ ಕೂಗಬಹುದಾದದ್ದು; ಗೋರಿಗಳ ಜಾಗದಲ್ಲಿ ವೈಕಿಂಗರು ಬಂದರು. ಎಂಟೂಮ್ಡ್‌ನಲ್ಲಿ ಒಂದು ನಾಟಕವಿದೆ. ‘ಲೆಫ್ಟ್ ಹ್ಯಾಂಡ್ ಪಾತ್’ ಶೀರ್ಷಿಕೆ ಹಾಡಿನ ಕೊನೆಯಲ್ಲಿ ವೇಗವೆಲ್ಲ ಕರಗಿ, 1979ರ ‘ಫ್ಯಾಂಟಾಸ್ಮ್’ ಎಂಬ ಭಯಾನಕ ಚಿತ್ರದ ಸಂಗೀತದ ಎಳೆಯೊಂದು ಗಿಟಾರಿನಲ್ಲಿ ತೇಲಿಬರುತ್ತದೆ. ಅತ್ಯಂತ ಸ್ವಂತದ್ದೆಂದು ಎಲ್ಲರೂ ಹೊಗಳುವ ಹಾಡಿನ ಅತ್ಯಂತ ಮರೆಯಲಾಗದ ಭಾಗ ಇನ್ನೊಬ್ಬರಿಂದ ತಂದದ್ದು. ಆ ಎರವಲು ಇಲ್ಲದಿದ್ದರೆ ಆ ಹಾಡು ನನಗೆ ಇಷ್ಟು ಆಪ್ತವಾಗುತ್ತಿರಲಿಲ್ಲ.

ನನ್ನ ಮನಸ್ಸು ಕೊನೆಗೆ ನಿಂತದ್ದು ಡಿಸ್ಮೆಂಬರ್ ಮೇಲೆ. ಇಷ್ಟೆಲ್ಲ ಬರೆಯಲು ಕಾರಣವೂ ಅವರೇ.

ಎಂಟೂಮ್ಡ್ ತಾವು ಕಂಡುಹಿಡಿದ ಸದ್ದನ್ನು ಬೇಗನೇ ಹಿಂದೆ ಬಿಟ್ಟರು. 1993ರ ‘ವುಲ್ವರಿನ್ ಬ್ಲೂಸ್’ ಹೊತ್ತಿಗೆ ಅವರ ಸಂಗೀತಕ್ಕೆ ರಾಕ್‌ನ ತೂಗಾಟ ಬಂದಿತ್ತು. ಅದೂ ಹೊಸದೇ, ಅದಕ್ಕೂ ಹಿಂಬಾಲಕರು ಹುಟ್ಟಿಕೊಂಡರು. ವಿಮರ್ಶಕರು ಇಂಥ ನಡೆಯನ್ನು ಬೆಳವಣಿಗೆ ಎನ್ನುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಡಿಸ್ಮೆಂಬರ್ ಅಲ್ಲೇ ಉಳಿದರು. 1995ರ ಆಲ್ಬಮ್ಮಿನಲ್ಲಿ ಅವರೂ ಒಮ್ಮೆ ಸ್ವಲ್ಪ ಸಡಿಲವಾದರು, ಆ ಹೊತ್ತಿನ ಗಾಳಿ ಅವರಿಗೂ ತಗುಲಿತ್ತು. ಮುಂದಿನದಕ್ಕೆ, 1997ರಲ್ಲಿ, ಹಿಂತಿರುಗಿ ಬಂದು ಆಲ್ಬಮ್ಮಿಗೆ ‘ಡೆತ್ ಮೆಟಲ್’ ಎಂದೇ ಹೆಸರಿಟ್ಟರು. ಆ ವರ್ಷ ಹಾಗೆ ಹೆಸರಿಡುವುದಕ್ಕೆ ಧೈರ್ಯ ಬೇಕಿತ್ತು. ಆ ಸಂಗೀತದ ಸುಗ್ಗಿ ಮುಗಿದು, ಯುವಕರು ಬ್ಲ್ಯಾಕ್ ಮೆಟಲ್ ಕಡೆಗೋ ಬೇರೆ ಕಡೆಗೋ ಹೋಗಿಯಾಗಿತ್ತು. 2008ರ ಕೊನೆಯ ಆಲ್ಬಮ್‌ವರೆಗೂ ಅದೇ ಪೆಡಲ್, ಅದೇ ಓಟ. 2011ರಲ್ಲಿ ಬಿಟ್ಟರು, 2019ರಲ್ಲಿ ಹಳೆಯ ಬಳಗವೇ ಮತ್ತೆ ವೇದಿಕೆ ಹತ್ತಿತು.

ಅವರು ಸುಮ್ಮನೆ ತಮ್ಮನ್ನೇ ನಕಲು ಮಾಡಿಕೊಂಡರೆಂದು ಹೇಳುವವರು ಆ ಆಲ್ಬಮ್‌ಗಳನ್ನು ಸಾಲಾಗಿ ಕೇಳಿಲ್ಲ. ಗದ್ದಲದ ಒಳಗೆ ಒಂದು ಸಣ್ಣ ರಾಗದ ಎಳೆ ಇಡುವ ಕಲೆ ಅವರದು. ಆರಂಭದಲ್ಲಿ ಅದು ಅಡಗಿ ಕುಳಿತಿರುತ್ತದೆ, ವರ್ಷಗಳು ಕಳೆದಂತೆ ಮುಂದೆ ಬರುತ್ತದೆ. ನಡುವಯಸ್ಸಿನ ಆಲ್ಬಮ್‌ಗಳಲ್ಲಿ ಎರಡು ಗಿಟಾರ್‌ಗಳು ಜೊತೆಯಾಗಿ ಹಾಡುವಾಗ ಆ ಒರಟು ಸದ್ದಿನಲ್ಲೇ ಒಂದು ದುಃಖ ಕಾಣಿಸಿಕೊಳ್ಳುತ್ತದೆ. ಹದಿನೆಂಟರ ಹುಡುಗರಿಗೆ ಅದು ಸಾಧ್ಯವಿರಲಿಲ್ಲ. ಒಂದೇ ಮನೆಯಲ್ಲಿ ಮೂವತ್ತು ವರ್ಷ ಬಾಳಿದವರಿಗಷ್ಟೇ ಯಾವ ಮೆಟ್ಟಿಲು ಯಾವ ಸದ್ದು ಮಾಡುತ್ತದೆಂದು ಗೊತ್ತಿರುತ್ತದೆ. ಊರೂರು ಸುತ್ತಿದವರ ಬಗ್ಗೆ ನನಗೆ ಗೌರವವಿದೆ. ಆದರೆ ತಡರಾತ್ರಿ ಕೇಳಬೇಕೆನಿಸುವುದು ಅಲ್ಲೇ ಉಳಿದವರನ್ನು.

ಗೋಥೆನ್‌ಬರ್ಗ್ ಇನ್ನೊಂದು ಕಥೆ. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಈ ನಗರದಲ್ಲಿ ಅದೇ ಕಾಲದ ಹುಡುಗರು ಡೆತ್ ಮೆಟಲ್‌ಗೆ ಬ್ರಿಟನ್ನಿನ ಹಿರಿಯ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಜೋಡಿ ಗಿಟಾರನ್ನೂ ಸ್ವೀಡಿಷ್ ಜನಪದದ ರಾಗಗಳನ್ನೂ ಬೆರೆಸಿದರು. ಇಲ್ಲಿಯೂ ಕೂಡುಕುಟುಂಬವೇ. ಡಾರ್ಕ್ ಟ್ರಾಂಕ್ವಿಲಿಟಿಯ 1993ರ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದು ಆಂಡರ್ಸ್ ಫ್ರಿಡೇನ್. ಇನ್ ಫ್ಲೇಮ್ಸ್‌ನ 1994ರ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದು ಮಿಕಾಯೆಲ್ ಸ್ಟಾನ್ನೆ. ಬಳಿಕ ಇಬ್ಬರೂ ಅದಲುಬದಲಾದರು, ಇಂದಿಗೂ ಹಾಗೆಯೇ ಇದ್ದಾರೆ. ಅಟ್ ದ ಗೇಟ್ಸ್ 1995ರಲ್ಲಿ ಫ್ರೆಡ್ರಿಕ್ ನಾರ್ಡ್‌ಸ್ಟ್ರೋಮ್ ಅವರ ಸ್ಟುಡಿಯೊ ಫ್ರೆಡ್ಮನ್‌ನಲ್ಲಿ ‘ಸ್ಲಾಟರ್ ಆಫ್ ದ ಸೋಲ್’ ಮಾಡಿದರು. ಬಿಗಿಯಾದ, ಒಂದು ಹನಿಯೂ ಹೆಚ್ಚಿಲ್ಲದ ಸುಮಾರು ಮೂವತ್ತೈದು ನಿಮಿಷ. ಮರುವರ್ಷ ಬ್ಯಾಂಡೇ ಒಡೆಯಿತು.

ಆ ಆಲ್ಬಮ್ಮಿನ ವಿಷಯದಲ್ಲಿ ನಾನು ಮಾಡಿದ ಅನ್ಯಾಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸ್ವೀಡನ್ ಸಿಡಿಗಿಂತ ಮೊದಲು ನಾನು ಕೇಳುತ್ತಿದ್ದದ್ದು ಅಂದಿನ ಅಮೆರಿಕನ್ ಮೆಟಲ್‌ಕೋರ್, ಅಂದರೆ ಮೆಟಲ್ ಮತ್ತು ಹಾರ್ಡ್‌ಕೋರ್ ಬೆರೆತ ಸಂಗೀತ: ಕಿಲ್‌ಸ್ವಿಚ್ ಎಂಗೇಜ್, ಡಾರ್ಕೆಸ್ಟ್ ಅವರ್. ಡಾರ್ಕೆಸ್ಟ್ ಅವರ್ ತಮ್ಮ 2003ರ ಆಲ್ಬಮ್ಮನ್ನು ಅದೇ ಸ್ಟುಡಿಯೊ ಫ್ರೆಡ್ಮನ್‌ಗೆ ಹೋಗಿ ಮಾಡಿದ್ದರೆಂದು ಆಗ ನನಗೆ ತಿಳಿದಿರಲಿಲ್ಲ. ಹಾಗಾಗಿ 2006ರಲ್ಲಿ ‘ಸ್ಲಾಟರ್ ಆಫ್ ದ ಸೋಲ್’ ಕೈಗೆ ಸಿಕ್ಕಾಗ, ಎರಡು ಹಾಡು ಕೇಳಿ, ಇದನ್ನು ಎಷ್ಟು ಬಾರಿ ಕೇಳಿಲ್ಲ ಎಂದು ನಿಲ್ಲಿಸಿದೆ. ಮಕ್ಕಳ ಮುಖವನ್ನು ಮೊದಲು ಕಂಡು, ತಾಯಿಯ ಮುಖ ನೋಡಿದಾಗ ಈಕೆ ಯಾರನ್ನೋ ಹೋಲುತ್ತಾಳೆ ಎಂದ ಹಾಗಾಯಿತು. ನನ್ನ ಕಿವಿಯಲ್ಲಿ ಮೂಲವೇ ನಕಲಾಗಿ ಕೇಳಿಸಿತ್ತು. ಸ್ವಂತಿಕೆ ಎಂಬುದು ಕೃತಿಯಲ್ಲಿರುವ ಗುಣವೆಂದು ಅಲ್ಲಿಯವರೆಗೆ ನಂಬಿದ್ದೆ. ಕೇಳುವವನು ಯಾವ ಬಾಗಿಲಿನಿಂದ ಒಳಬಂದ ಎಂಬುದರ ಮೇಲೂ ಅದು ನಿಂತಿದೆ ಎಂದು ನನಗೆ ಕಲಿಸಿದ್ದು ಆ ಎರಡು ಹಾಡುಗಳು.

2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇದು ಇನ್ನೊಮ್ಮೆ ನಡೆಯಿತು. ಕಂಬದಷ್ಟು ಎತ್ತರದ ಸ್ಪೀಕರ್‌ಗಳಿಂದ ಜೋಡಿ ಗಿಟಾರ್ ಎದೆಗೆ ಬಡಿದಾಗ ನನ್ನ ಮನಸ್ಸಿಗೆ ಬಂದದ್ದು ಇನ್ ಫ್ಲೇಮ್ಸ್. ಅಜ್ಜನ ಎದುರು ನಿಂತು ಮೊಮ್ಮಗನನ್ನು ನೆನೆದಿದ್ದೆ. ಹಾಸ್ಟೆಲ್ಲಿಗೆ ಹಿಂತಿರುಗಿ, ಬೆಳಗಿನ ಜಾವ ‘ಸ್ಲಾಟರ್ ಆಫ್ ದ ಸೋಲ್’ ಮತ್ತೆ ಹಾಕಿದೆ. ಈ ಸಲ ಮೊದಲಿನಿಂದ ಕೊನೆಯವರೆಗೆ. ಅವರ ಗಾಯಕ ಥಾಮಸ್ ಲಿಂಡ್‌ಬರ್ಗ್‌ನ ದನಿ ನನಗೆ ಆವತ್ತು ಮೊದಲ ಬಾರಿಗೆ ಕೇಳಿಸಿತು. ಗರ್ಜನೆಯಲ್ಲ, ಹರಿದ ಬಟ್ಟೆಯಂಥ ಕೂಗು; ಹಿಂಬಾಲಿಸಿದವರು ರಿಫ್‌ಗಳನ್ನು, ಗಿಟಾರ್ ಮತ್ತೆ ಮತ್ತೆ ನುಡಿಸುವ ಆ ಸಣ್ಣ ಸ್ವರಗುಚ್ಛಗಳನ್ನು, ಎತ್ತಿಕೊಂಡರು, ಆ ಕೂಗು ಯಾರಿಗೂ ದಕ್ಕಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆತ ತೀರಿಕೊಂಡ ಸುದ್ದಿ ಬಂದಾಗ ನನಗೆ ನೆನಪಾದದ್ದು, ಎರಡು ಹಾಡಿಗೇ ನಾನು ನಿಲ್ಲಿಸಿಬಿಟ್ಟ ಆ ಮಧ್ಯಾಹ್ನ.

ಈಗ ಎಚ್‌ಎಂ-2 ಸದ್ದು ಜಗತ್ತಿನ ಮೂಲೆಮೂಲೆಯಲ್ಲಿದೆ. ಪೆಡಲ್ 1991ರಲ್ಲೇ ನಿಂತುಹೋಗಿತ್ತು. ಹಳೆಯದಕ್ಕೆ ಬೇಡಿಕೆ ಏರುತ್ತಾ ಹೋಗಿ, 2020ರ ದಶಕದ ಆರಂಭದಲ್ಲಿ ಬಾಸ್ ಕಂಪನಿಯೇ ಹೊಸ ಆವೃತ್ತಿ ತಂದಿತು. ಒಂದನ್ನು ನಾನೂ ಕೊಂಡೆ. ಮನೆಗೆ ತಂದು, ನಾಲ್ಕೂ ನಾಬ್‌ಗಳನ್ನು ಪೂರ್ತಿ ತಿರುಗಿಸಿ, ಒಂದು ತಂತಿ ಮೀಟಿದೆ. ಅದೇ ಸದ್ದು. ಹತ್ತೊಂಬತ್ತನೆಯ ವಯಸ್ಸಿನಿಂದ ನನ್ನ ಕಿವಿಯಲ್ಲಿದ್ದ ಸದ್ದು ನನ್ನ ಬೆರಳ ತುದಿಯಲ್ಲಿ, ಒಂದೇ ಕ್ಷಣದಲ್ಲಿ. ಕಣ್ಣು ತುಂಬಿತು. ಎರಡನೆಯ ಕ್ಷಣದಲ್ಲಿ ಏನು ನುಡಿಸಬೇಕೆಂದು ತಿಳಿಯಲಿಲ್ಲ. ನನ್ನ ಬೆರಳುಗಳು ತಾವಾಗಿ ಡಿಸ್ಮೆಂಬರ್‌ನ ರಿಫ್ ಒಂದರ ಕಡೆ ಹೋದವು, ಅಲ್ಲಿಂದ ಆಚೆ ದಾರಿ ಕಾಣಲಿಲ್ಲ. ಲೀಫ್ ಕುಜ್ನರ್ ಆ ನಾಬ್‌ಗಳನ್ನು ತಿರುಗಿಸಿದಾಗ ಆಚೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವನ ಕೈ ಮತ್ತು ನನ್ನ ಕೈ ಮಾಡಿದ ಕೆಲಸ ಒಂದೇ. ಇಬ್ಬರಿಗೂ ಸಿಕ್ಕಿದ್ದು ಒಂದೇ ಅಲ್ಲ. ಆತ 2006ರಲ್ಲೇ ಹೋಗಿಬಿಟ್ಟಿದ್ದ. ಆಗ ನಾನು ಅವನ ಹೆಸರನ್ನೂ ಕೇಳಿರಲಿಲ್ಲ.

ಆದ್ದರಿಂದ ಇಂದಿನ ಅನುಸರಣೆಯ ಬ್ಯಾಂಡ್‌ಗಳನ್ನು ಕೇಳುವಾಗ ನನ್ನೊಳಗೆ ಎರಡು ದನಿ. ಎಷ್ಟೋ ಆಲ್ಬಮ್‌ಗಳು ಸದ್ದಿನಲ್ಲಿ ಮೂಲಕ್ಕಿಂತ ದಪ್ಪಗಿವೆ, ಚೊಕ್ಕಟವಾಗಿವೆ, ಮುಗಿದ ಮೇಲೆ ಒಂದು ರಿಫ್ ಕೂಡ ಮನಸ್ಸಿನಲ್ಲಿ ಉಳಿಯುವುದಿಲ್ಲ. ಉತ್ತರವನ್ನು ನಕಲು ಮಾಡಿದವರಿಗೆ ಪ್ರಶ್ನೆ ಏನಿತ್ತೆಂದು ತಿಳಿದಂತಿಲ್ಲ. ಇದಕ್ಕಿಂತ ನನಗೆ ಕ್ಯಾಲಿಫೋರ್ನಿಯಾದ ನೇಲ್ಸ್ ಬ್ಯಾಂಡಿನಂಥವರು ಹತ್ತಿರ. ಅವರು ಆ ಪೆಡಲನ್ನು ಹಾರ್ಡ್‌ಕೋರ್ ಪಂಕ್‌ಗೆ ಮರಳಿ ಒಯ್ದರು, ಒಂದೆರಡು ನಿಮಿಷದ ಹಾಡುಗಳಲ್ಲಿ ಆ ಸದ್ದು ಮತ್ತೆ ಅಪಾಯಕಾರಿಯಾಯಿತು. ಆ ಓಟ ಮೊದಲು ಬಂದದ್ದೇ ಅಲ್ಲಿಂದ ತಾನೆ.

ಆದರೂ ‘ನಕಲು’ ಎಂಬ ಮಾತನ್ನು ಬಾಯಿಗೆ ತರುವ ಮೊದಲು ಎಂಟ್ರೇಲ್ಸ್ ನೆನಪಾಗಿ ತಡೆಯುತ್ತೇನೆ. ದಕ್ಷಿಣ ಸ್ವೀಡನ್ನಿನ ಲಿನ್ನೆರಿಡ್ ಎಂಬ ಸಣ್ಣ ಊರಿನವರು. 1990ರ ಹೊತ್ತಿಗೆ ಶುರುವಾದ ಬ್ಯಾಂಡ್. ಆಗ ಆಲ್ಬಮ್ ಮಾಡುವುದು ಸಾಧ್ಯವಾಗಲಿಲ್ಲ; ಚದುರಿಹೋದರು. 2008ರಲ್ಲಿ ಮತ್ತೆ ಸೇರಿ, ಹಳೆಯ ಕಾಲದ ಹಾಡುಗಳನ್ನೇ ಎತ್ತಿಕೊಂಡು 2010ರಲ್ಲಿ ಮೊದಲ ಆಲ್ಬಮ್ ತಂದರು. ಅದನ್ನು ಮೊದಲು ಕೇಳಿದಾಗ, ಹಳೆಯದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ, ಪಾಪ, ಎಂದುಕೊಂಡಿದ್ದೆ. ಅವರು ಆ ಓಣಿಯವರೇ, ಬಂಡಿ ತಪ್ಪಿಸಿಕೊಂಡವರು. ಅದೇ ಹಾಡುಗಳು 1991ರಲ್ಲಿ ಬಂದಿದ್ದರೆ ನಾನು ಅವರನ್ನು ಪ್ರವರ್ತಕರ ಸಾಲಿನಲ್ಲಿ ಬರೆಯುತ್ತಿದ್ದೆ.

2021ರ ಮಾರ್ಚ್‌ನಲ್ಲಿ ಎಂಟೂಮ್ಡ್‌ನ ಗಾಯಕ ಎಲ್‌.ಜಿ. ಪೆಟ್ರೋವ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆತನಿಗೆ 49. ಆ ರಾತ್ರಿ ಹಳೆಯ ಸಿಡಿ ಹುಡುಕಿದೆ. ಗೀರುಗಳು ಬಿದ್ದಿದ್ದವು, ಕಡತಗಳನ್ನು ಬಹಳ ಹಿಂದೆಯೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಒಂದೊಂದಕ್ಕೂ ಬ್ಯಾಂಡಿನ ಹೆಸರು, ಹಾಡಿನ ಹೆಸರು, ವರ್ಷ ಬರೆಯುತ್ತಾ ಹೋದೆ. ಈಗ ಡ್ರಮ್ಮಿನ ಮೊದಲ ಪೆಟ್ಟಿಗೇ ಗೊತ್ತಾಗುತ್ತದೆ. ಇದು ಫ್ರೆಡ್ ಎಸ್ಟ್‌ಬಿಯ ಕೈ, ಇದು ನಿಕ್ಕೆಯದು. ಬೆಳಗಾಗುವ ಹೊತ್ತಿಗೆ 37 ಹಾಡುಗಳಿಗೆ ಹೆಸರು ಸಿಕ್ಕಿತು.

ಉಳಿದದ್ದು 27. ಎರಡು ನಿಮಿಷ ಐವತ್ತು ಸೆಕೆಂಡಿನ ಹಾಡು. ಯಾವುದೋ ಡೆಮೊ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದಿರಬೇಕು, ಸದ್ದಿನ ಹಿಂದೆ ಟೇಪಿನ ಸುಯ್ಯೆನ್ನುವ ಉಸಿರು ಕೇಳುತ್ತದೆ. ಹಾಡು ಗುರುತಿಸುವ ಮೊಬೈಲ್ ಆ್ಯಪ್‌ಗಳಿಗೆ ಅದು ಸಿಕ್ಕಿಲ್ಲ. ಈ ಸಂಗೀತವನ್ನು ನನಗಿಂತ ಹೆಚ್ಚು ಬಲ್ಲವರಿಗೆ ಕಳಿಸಿದೆ, ಅವರೂ ಹೇಳಲಾರದೇ ಹೋದರು. ಗಿಟಾರ್ ಎಲ್ಲರದೇ. ಗರ್ಜನೆ ಎಲ್ಲರದೇ. ಎರಡನೆಯ ನಿಮಿಷದ ಹತ್ತಿರ ಡ್ರಮ್ಮರ್ ಒಂದು ಕಡೆ ತುಸು ಮುಂದೆ ಓಡಿಬಿಡುತ್ತಾನೆ, ಉಳಿದವರು ಅವನನ್ನು ಹಿಡಿಯಲು ಧಾವಿಸುತ್ತಾರೆ. ಕೊನೆಯ ಸ್ವರ ಆರುವ ಮೊದಲು ಹಿಂದಿನಿಂದ ಯಾರೋ ಒಬ್ಬ ಹುಡುಗ ಸ್ವೀಡಿಷ್‌ನಲ್ಲಿ ಒಂದು ಮಾತು ಹೇಳಿ ನಗುತ್ತಾನೆ. ಅಲ್ಲಿಗೆ ಟೇಪು ಕತ್ತರಿಸುತ್ತದೆ.